ಹನ್ನೆರಡು ಗಂಟೆಯ ಬೆಂಕಿ ಯಾರದು?

ಅಡಿಗೆಯ ಮಾತು ಪಕ್ಷದ ಪತ್ರಿಕೆಯಲ್ಲೇಕೆ ಎಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಒಲೆಯ ಮುಂದೆ ಕೂರುವವರು ಯಾರು, ಎಲೆಯ ಮುಂದೆ ಕೂರುವವರು ಯಾರು ಎಂಬುದು ಬರಿಯ ಅಡಿಗೆಯ ಮಾತಲ್ಲವೆಂಬುದೇ ನಮ್ಮ ಉತ್ತರ.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಹಬ್ಬಹರಿದಿನಗಳಿಗೆ ದನದ ಎದೆಯ ಮಾಂಸವನ್ನು ಮನೆಯ ಹಿತ್ತಿಲಿನಲ್ಲಿ ಹೊಗೆಗೊಡ್ಡಿ ಬೇಯಿಸುವ ವಾಡಿಕೆಯಿದೆ. ಅದಕ್ಕೆ ಬ್ರಿಸ್ಕೆಟ್ ಎನ್ನುತ್ತಾರೆ. ಮೈಭಾರ ಹೊತ್ತು ದುಡಿದ ಸ್ನಾಯು ಅದು. ಆದ್ದರಿಂದ ಬಹಳ ಗಟ್ಟಿ. ಹಿಂದೆ ಅಗ್ಗವಾಗಿ ಸಿಗುತ್ತಿದ್ದುದೂ ಅದಕ್ಕೇ. ನಮ್ಮ ಓದುಗರಲ್ಲಿ ಹಲವರ ಮನೆಯಲ್ಲಿ ಈ ಮಾಂಸ ಬೇಯುವುದಿಲ್ಲ. ಅದು ಅವರವರ ಇಷ್ಟ. ನಮ್ಮ ಮಾತು ಬೆಂಕಿ ಕಾಯುವವರನ್ನು ಕುರಿತದ್ದು.

ಹಾಕುವುದು ಉಪ್ಪು, ಕಾಳುಮೆಣಸು, ಇಷ್ಟೇ. ಮುಚ್ಚಳವಿರುವ ಕಬ್ಬಿಣದ ಒಲೆಯ ಒಂದು ಪಕ್ಕಕ್ಕೆ ಓಕ್ ಸೌದೆಯ ಸಣ್ಣ ಬೆಂಕಿ, ಇನ್ನೊಂದು ಪಕ್ಕಕ್ಕೆ ಮಾಂಸ. ಒಲೆಯೊಳಗಿನ ಶಾಖ ಸುಮಾರು 110ರಿಂದ 120 ಡಿಗ್ರಿ. 5-6 ಕಿಲೋ ತೂಕದ ತುಂಡಿಗೆ 12 ಗಂಟೆ ಹಿಡಿಯುತ್ತದೆ. ನಡುವೆ 70 ಡಿಗ್ರಿಯ ಆಸುಪಾಸಿನಲ್ಲಿ ಮಾಂಸದ ಶಾಖ ಗಂಟೆಗಟ್ಟಲೆ ಮೇಲೇರುವುದಿಲ್ಲ. ನೀರಿನಂಶ ಆವಿಯಾಗಿ ಬೆವರಿನಂತೆ ತಂಪು ಮಾಡುತ್ತಿರುತ್ತದೆ. ಅವಸರಗಾರ ಅಲ್ಲಿ ಉರಿ ಹೆಚ್ಚಿಸಿ ಕೆಡಿಸುತ್ತಾನೆ. ಬಲ್ಲವರು ಕಾಗದದಲ್ಲಿ ಸುತ್ತಿ ಕಾಯುತ್ತಾರೆ. 95 ಡಿಗ್ರಿ ಮುಟ್ಟುವ ಹೊತ್ತಿಗೆ ಗಟ್ಟಿತನವೆಲ್ಲ ಕರಗಿ ಮೆತ್ತಗಾಗಿರುತ್ತದೆ. ಒಂದು ಗಂಟೆ ಹಾಗೆಯೇ ಬಿಟ್ಟು, ಎಳೆಗೆ ಅಡ್ಡವಾಗಿ ಕೊಯ್ದು ಬಡಿಸುತ್ತಾರೆ.

ಇಲ್ಲಿ ಮುಖ್ಯ ಸಾಮಗ್ರಿ ಮಾಂಸವಲ್ಲ, ಮೆಣಸಲ್ಲ, ಬಿಡುವು. ಆ ಬಿಡುವು ಯಾರದು?

ಗುಲಾಮಗಿರಿಯ ಕಾಲದಲ್ಲಿ ಅಮೆರಿಕದ ದಕ್ಷಿಣದ ತೋಟಗಳಲ್ಲಿ ಧಣಿಗಳ ಔತಣಕ್ಕೆ ರಾತ್ರಿಯೆಲ್ಲ ಕೆಂಡದ ಗುಂಡಿ ಕಾದವರು ಕರಿಯ ಗುಲಾಮರು. ಅಧ್ಯಕ್ಷ ಲಿಂಕನ್ ವಿಮೋಚನೆ ಸಾರಿದ್ದು 1863ರ ಜನವರಿ 1ರಂದು. ಟೆಕ್ಸಾಸಿನ ಗಾಲ್ವೆಸ್ಟನ್ ಊರಿನಲ್ಲಿ ಸೇನಾಪತಿ ಗ್ರೇಂಜರನ ಆಜ್ಞೆ ಹೊರಟದ್ದು 1865ರ ಜೂನ್ 19ರಂದು! ಅದರಲ್ಲೂ ಒಂದು ಬುದ್ಧಿವಾದ: ಇದ್ದಲ್ಲೇ ಇದ್ದು ಕೂಲಿಗೆ ದುಡಿಯಿರಿ, ಸೋಮಾರಿಗಳಾದರೆ ಸಾಕುವುದಿಲ್ಲ. ತಲೆಮಾರುಗಟ್ಟಲೆ ಬಿಟ್ಟಿ ದುಡಿದವರಿಗೆ ಸೋಮಾರಿತನದ ಪಾಠ!

ಮರುವರ್ಷವೇ ಆ ಜನ ಜೂನ್ 19ನ್ನು ಹಬ್ಬವಾಗಿ ಆಚರಿಸಿದರು. ಹೊಗೆಯಲ್ಲಿ ಬೆಂದ ಮಾಂಸ ಆ ಹಬ್ಬದ ಊಟವಾಯಿತು. ಹಬ್ಬಕ್ಕೆಂದೇ 1872ರಲ್ಲಿ ಹ್ಯೂಸ್ಟನ್ ನಗರದ ವಿಮುಕ್ತರು ಕಾಸಿಗೆ ಕಾಸು ಕೂಡಿಸಿ 10 ಎಕರೆ ನೆಲ ಕೊಂಡರು. ಟೆಕ್ಸಾಸ್ ಸರ್ಕಾರದ ರಜೆ ಸಿಕ್ಕಿದ್ದು 1980ರಿಂದ. ಇಡೀ ದೇಶದ ರಜೆಯಾದದ್ದು 2021ರಲ್ಲಿ. ಜನ ಮೊದಲು ಹಬ್ಬ ಮಾಡಿದರು, ಸರ್ಕಾರ ನೂರು ವರ್ಷ ಕಳೆದ ಮೇಲೆ ಒಪ್ಪಿತು.

ಅದೇ ಬೆಂಕಿ, ಅದೇ ಹೊಗೆ, ಅದೇ ನಿದ್ದೆಗೆಟ್ಟ ರಾತ್ರಿ. ಅಂದು ಬಡಿಸಿದ್ದು ಧಣಿಯ ಪಂಕ್ತಿಗೆ. ಇಂದು ಬಡಿಸುವುದು ತಮ್ಮ ಮಕ್ಕಳಿಗೆ. ದುಡಿಮೆ ಒಂದೇ, ಒಡೆತನ ಬೇರೆ.

ರಾತ್ರಿ ಪಾಳಿಯ ಗಿರಣಿ ಕಾರ್ಮಿಕನಿಗೆ, ಹಬ್ಬದ ದಿನವೂ ಅಂಗಡಿ ಮುಚ್ಚಲಾರದ ಸಣ್ಣ ವ್ಯಾಪಾರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಸಂಬಳದ ರಜೆ ಕೇಳಿದಾಗ ಸೋಮಾರಿಗಳೆಂದು ಹಂಗಿಸುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ನಾವು ಹೇಳುವುದಿಷ್ಟೆ: ರಾತ್ರಿಯೆಲ್ಲ ಎಚ್ಚರವಿರಲು ನಾವು ಸಿದ್ಧ, ಒಮ್ಮೆಯಾದರೂ ಅದು ನಮ್ಮ ಮನೆಯ ಒಲೆಯ ಮುಂದೆ ಆಗಲಿ.