ಹತ್ತೊಂಬತ್ತನೆಯ ಸ್ಥಾನದ ಹಿರಿಮೆ

ಗೆದ್ದವನನ್ನು ಕೊಂಡಾಡುವುದು ಲೋಕರೂಢಿ. ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿಯೂ ಮೊದಲ ಮೂವರಿಗೆ ಬಹುಮಾನ ದೊರೆಯುತ್ತದೆ. ನಾಲ್ಕನೆಯವನ ಹೆಸರು ಯಾವ ದಾಖಲೆಯಲ್ಲಿಯೂ ಉಳಿಯುವುದಿಲ್ಲ. ಈ ರೂಢಿ ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ಒಲಿಂಪಿಕ್ ಕ್ರೀಡೆಗಳ ಆರಂಭಕಾಲದ ಇಬ್ಬರ ಚರಿತ್ರೆಯಿಂದ ಅರಿಯಬಹುದು.

1908ರ ಲಂಡನ್ ಒಲಿಂಪಿಕ್ಸಿನಲ್ಲಿ ಮೋಟಾರು ದೋಣಿಗಳ ಪಂದ್ಯಗಳು ಜರುಗಿದವು. ಥಾಮಸ್ ಥಾರ್ನಿಕ್ರಾಫ್ಟ್ ಹಡಗು ಕಟ್ಟುವ ಹೆಸರಾಂತ ಮನೆತನದ ಕುಮಾರ. ಬಿರುಗಾಳಿಯ ನಡುವೆ ಇಬ್ಬರು ಸಂಗಡಿಗರೊಡನೆ ಒಳನುಗ್ಗುವ ನೀರನ್ನು ಮೊಗೆದು ಚೆಲ್ಲುತ್ತ ದೋಣಿ ನಡೆಸಿ, ಆತ ಎರಡು ಚಿನ್ನದ ಪದಕಗಳನ್ನು ಪಡೆದನು. ಮೂರು ವರ್ಗಗಳಲ್ಲಿಯೂ ಗುರಿ ಮುಟ್ಟಿದುದು ಒಂದೊಂದೇ ದೋಣಿ! ಅನಂತರ ಆ ಪಂದ್ಯವೇ ಒಲಿಂಪಿಕ್ಸಿನಿಂದ ಮರೆಯಾಯಿತು. ಥಾರ್ನಿಕ್ರಾಫ್ಟನ ಎದೆಗಾರಿಕೆ ಸ್ತುತ್ಯರ್ಹವೇ ಸರಿ. ಆದರೆ ಅಂಥ ದೋಣಿ ಎಷ್ಟು ಮಂದಿಗೆ ದೊರೆಯಬಲ್ಲದಾಗಿತ್ತು?

ಇನ್ನೊಬ್ಬರು ನೆರೆಯ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಬೆಳಗಾವಿ, ವಿಜಯಪುರಗಳೆರಡೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡೆಗಳಲ್ಲಿ ಬರಿಗಾಲಲ್ಲಿ ಓಡುವ ರೈತಾಪಿ ತರುಣರನ್ನು ಕಂಡು ಬೆರಗಾದ ಸರ್ ದೊರಾಬ್ಜಿ ಟಾಟಾ ಅವರು, ಭಾರತದ ಮೊದಲ ತಂಡವನ್ನು ಒಲಿಂಪಿಕ್ಸಿಗೆ ಕಳುಹಲು ಧನಸಹಾಯವಿತ್ತರು. 1920ರ ಆಗಸ್ಟ್ 22ರಂದು ಆಂಟ್‌ವರ್ಪಿನ ಮ್ಯಾರಥಾನ್ ಓಟದಲ್ಲಿ ಚೌಗುಲೆಯವರು 42 ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಕ್ರಮಿಸಿದರು. ಫಿನ್ಲೆಂಡಿನ ಕೊಲೆಹ್ಮಾಯಿನೆನ್ ಮೊದಲಿಗನಾದನು. ಚೌಗುಲೆಯವರದು 19ನೆಯ ಸ್ಥಾನ. ಪದಕ ಬರಲಿಲ್ಲ. ಆದರೆ ಅವರಿಗೆ ದಾರಿ ತೋರಲು ಹಿಂದೆ ಯಾವ ಭಾರತೀಯನೂ ಆ ಓಟವನ್ನು ಓಡಿರಲಿಲ್ಲ.

ಸ್ಪರ್ಧೆ ಎಂದ ಮೇಲೆ ಗೆಲುವೇ ಅಳತೆಗೋಲಲ್ಲವೇ ಎಂದು ಕೆಲವರು ಕೇಳಬಹುದು. ಗೆಲುವು ಬೇಡವೆಂದು ಯಾರೂ ಹೇಳಲಾರರು. ಆದರೆ ಪದಕವು ಕೊನೆಯ ಗಳಿಗೆಯನ್ನು ಮಾತ್ರ ತೋರಿಸುತ್ತದೆ. ಓಟಗಾರನು ಹೊರಟ ಊರು, ತುಳಿದ ದಾರಿ ಅದರಲ್ಲಿ ಕಾಣುವುದಿಲ್ಲ. ದಾನಿಯೊಬ್ಬರ ಹಣ 1920ರಲ್ಲಿ ಪದಕವನ್ನು ಕೊಳ್ಳಲಿಲ್ಲ. ಓಡುವ ಅವಕಾಶವನ್ನು ಕೊಟ್ಟಿತು. ದಾನದ ಸಾರ್ಥಕ್ಯ ಅಲ್ಲಿಯೇ ಇದೆ.

ವಿಜಯಪುರ ಜಿಲ್ಲೆ ಸೈಕಲ್ ಪಟುಗಳಿಗೆ ಹೆಸರಾದುದು. ತಿಕೋಟಾ, ಬಬಲೇಶ್ವರಗಳ ಹಾದಿಗಳಲ್ಲಿ ಬಿಸಿಲನ್ನು ಲೆಕ್ಕಿಸದೆ ಓಡುವ, ಸೈಕಲ್ ತುಳಿಯುವ ಮಕ್ಕಳಿಗೆ ಕಸುವಿನ ಕೊರತೆಯಿಲ್ಲ. ದೂರದ ಊರಿನ ಪಂದ್ಯಕ್ಕೆ ಹೋಗುವ ಪ್ರಯಾಣದ ಖರ್ಚು, ಕಾಲಿಗೊಂದು ಜೊತೆ ಬೂಟು, ಎರಡು ಹೊತ್ತಿನ ಪುಷ್ಟಿಕರ ಊಟ — ಇಷ್ಟಕ್ಕಾಗಿ ಎಷ್ಟೋ ಮಕ್ಕಳು ಊರಲ್ಲಿಯೇ ಉಳಿಯುತ್ತಾರೆ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಬೆಳ್ಳಿಯ ಬಟ್ಟಲುಗಳ ಸಂಖ್ಯೆಯನ್ನು ಹೆಚ್ಚಿಸುವ ಬದಲು ಇದಕ್ಕೊಂದು ನಿಧಿಯನ್ನು ಕೂಡಿಸುವುದು ಮೇಲು. ಅಧ್ಯಾಪಕರು ಗೆದ್ದವರ ಹೆಸರಿನ ಕೆಳಗೆ ಓಟವನ್ನು ಪೂರ್ತಿಗೊಳಿಸಿದ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರನ್ನೂ ಬರೆದಿಡಲಿ. ಹತ್ತೊಂಬತ್ತನೆಯವನ ಹೆಸರನ್ನು ಕಾಪಾಡುವ ಶಾಲೆಯಲ್ಲಿಯೇ ಮುಂದೊಂದು ದಿನ ಮೊದಲನೆಯವನು ಮೂಡಿಬಂದಾನು.