ಕಾಲುವೆ ಚಿತ್ರದಲ್ಲಿ ನಮ್ಮಜ್ಜಿ ಎಲ್ಲಿ?



ಹೋದ ಭಾನುವಾರ ಒಂದು ಕಲಾ ಪ್ರದರ್ಶನ ನೋಡಿದೆ. ಹೆಣ್ಣು ಮತ್ತು ಕೆರೆ ಕಾಲುವೆಗಳ ಬಗ್ಗೆ. ಹಳೇ ಸೀರೆ, ಕೆರೆ ಮಣ್ಣು, ತಾಮ್ರದ ತಂತಿ, ಫೋಟೊ ತುಣುಕು ಸೇರಿಸಿ ಮಾಡಿದ ದೊಡ್ಡ ಚಿತ್ರಗಳು. ಒಂದರಲ್ಲಿ ನೀಲಿ ಸೀರೆಯೇ ತೂಬಿನಿಂದ ಹೊರಟು ಕವಲೊಡೆದು ಗೋಡೆ ತುಂಬಾ ಹರಿಯುತ್ತೆ. ಸುಳ್ಳು ಹೇಳಲ್ಲ, ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಆದರೆ ಅಲ್ಲಿದ್ದ ಹೆಂಗಸರು ಯಾರು? ಬಿಂದಿಗೆ ಹೊತ್ತವಳು, ಗಂಗಮ್ಮನಿಗೆ ಬಾಗಿನ ಬಿಡುವವಳು, 'ಕೆರೆಗೆ ಹಾರ'ದ ಭಾಗೀರಥಿ. ಗೌಡರ ಮನೆ ಸೊಸೆಗೂ ಹೆಸರು ಸಿಗಬೇಕಾದರೆ ಕೆರೆಗೆ ಬಲಿಯಾಗಬೇಕಿತ್ತು ನೋಡಿ. ನಮ್ಮಜ್ಜಿ ಬಲಿಯಾಗಲಿಲ್ಲ, ದುಡಿದಳು. ಅದಕ್ಕೇ ಇರಬೇಕು, ಚಿತ್ರದಲ್ಲಿಲ್ಲ.

ನಮ್ಮ ಕೋಲಾರದ ಕಡೆ ಕೆರೆ ನೀರು ಹಂಚುವವನು ನೀರುಗಂಟಿ. ಬಹಳಷ್ಟು ಊರುಗಳಲ್ಲಿ ಅವನು ನಮ್ಮ ಕೇರಿಯವನೇ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡುವುದು, ಮಳೆ ರಾತ್ರೀಲಿ ಏರಿ ಕಾಯುವುದು. ಕೂಲಿ ಅಂದರೆ ಸುಗ್ಗೀಲಿ ಕಣದ ಹತ್ತಿರ ಕೊಟ್ಟಷ್ಟು ಕಾಳು. ನಮ್ಮ ತಾತ ನೀರುಗಂಟಿ. ತಾತ ತೂಬಿನ ಹತ್ತಿರ ಇದ್ದರೆ, ಅಚ್ಚುಕಟ್ಟಿನ ಕೊನೇಲಿ ಗುದ್ದಲಿ ಹಿಡಿದು ನೀರು ಕಟ್ಟುತ್ತಿದ್ದವಳು ಅಜ್ಜಿ. ಕಾಲುವೆ ಹೂಳನ್ನ ಮಂಕರೀಲಿ ಹೊತ್ತವಳೂ ಅವಳೇ. ರಾತ್ರಿಯೆಲ್ಲಾ ಅವರ ಗದ್ದೆಗೆ ನೀರು ಬಿಟ್ಟವಳು ಬೆಳಿಗ್ಗೆ ಊರ ಬಾವಿಗೆ ಬಿಂದಿಗೆ ಇಳಿಸುವಂತಿರಲಿಲ್ಲ. ಯಾರಾದರೂ ಸೇದಿ ಹುಯ್ಯಲಿ ಅಂತ ದೂರ ನಿಂತು ಕಾಯಬೇಕು. ಭತ್ತಕ್ಕಿಲ್ಲದ ಮೈಲಿಗೆ ಬಾವಿಗೆ! ಬಾಬಾಸಾಹೇಬರು 1927ರಲ್ಲಿ ಮಹಾಡ್‌ನ ಚವದಾರ್ ಕೆರೆಗೆ ಇಳಿದು ನೀರು ಕುಡಿದದ್ದು ಸುಮ್ಮನೆ ಅಲ್ಲ.

ನಾನೊಬ್ಬ ಗುಮಾಸ್ತ, ಫೈಲು ನೋಡೋದೇ ಕೆಲಸ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದ ಮೇಲೆ ತೋಟಿ, ನೀರುಗಂಟಿ ಇನಾಂ ಜಮೀನುಗಳು ಮರುಮಂಜೂರಾದವು. ನಾನು ನೋಡಿದ ಹಳೇ ಕಾಗದಗಳಲ್ಲೆಲ್ಲಾ ಗಂಡಸರ ಹೆಸರೇ. ಸರ್ಕಾರದ ದಾಖಲೆಯಲ್ಲಿ ಇಲ್ಲದ ಅಜ್ಜಿ ಕಲೆಯಲ್ಲಾದರೂ ಇರ್ತಾಳೆ ಅಂದುಕೊಂಡಿದ್ದೆ.

ಕಲಾವಿದೆ ಅಲ್ಲೇ ಇದ್ದರು. ಕೇಳಿದೆ. "ಸಾರ್, ಕಾಲುವೆ ಎಲ್ಲರದ್ದು, ಇದರಲ್ಲಿ ಜಾತಿ ಯಾಕೆ ತರ್ತೀರಿ" ಅಂದರು. ಮೇಡಂ, ನಾನು ತಂದದ್ದಲ್ಲ. ಬಾವಿಕಟ್ಟೆ ಮೇಲೆ ಮೊದಲೇ ಇತ್ತು. ಕಾಲುವೆ ಎಲ್ಲರದ್ದು ಅನ್ನೋ ಮಾತು ನನಗೂ ಇಷ್ಟ, ಆದರೆ ಅದರ ಹೂಳು ಮಾತ್ರ ಎಲ್ಲರದ್ದಾಗಿರಲಿಲ್ಲ.

ಅಜ್ಜಿಯ ಗುದ್ದಲಿ ನಮ್ಮನೆ ಅಟ್ಟದ ಮೇಲಿದೆ. ಕಾವು ಮುರಿದಿದೆ, ತುಕ್ಕು ಹಿಡಿದಿದೆ. ನಾನೇ ತಂದುಕೊಡ್ತೀನಿ. ಆ ನೀಲಿ ಸೀರೆ ಮುಗಿಯೋ ಕಡೆ, ಕೊನೇ ಗದ್ದೆ ಹತ್ತಿರ, ಅದನ್ನೂ ಹಾಕಿ.