ಆಣೆಯೊಂದೇ ಸಾಲದು



ಕುಡಿತಕ್ಕೆ ಬಿದ್ದ ಮಗನನ್ನೋ ಅಳಿಯನನ್ನೋ ಗದ್ದುಗೆಯ ಮುಂದೆ ನಿಲ್ಲಿಸಿ, “ಇನ್ನು ಮುಟ್ಟೆನೆಂದು ಇವನಿಂದ ಆಣೆ ಮಾಡಿಸಿರಿ, ಬುದ್ಧಿ” ಎಂದು ಬೇಡಿಕೊಳ್ಳುವ ತಂದೆತಾಯಿಗಳು ನಾಡಿನ ಮಠಗಳಿಗೆ ಹೊಸಬರಲ್ಲ. ಆಣೆಯಾಗುತ್ತದೆ. ವಿಭೂತಿ ಹಚ್ಚುತ್ತಾರೆ. ಭಾರ ಇಳಿಯಿತೆಂದು ಮನೆಯವರು ಊರಿಗೆ ಮರಳುತ್ತಾರೆ. ಮುಂದಿನ ಅಮಾವಾಸ್ಯೆಯೊಳಗೆ ಆತ ಪುನಃ ಕುಡಿದನೆನ್ನಿರಿ. ಆಗ ಅವನು ಬರಿಯ ಕುಡುಕನಲ್ಲ, ಗುರುದ್ರೋಹಿಯೂ ಹೌದು! ಒಂದಿದ್ದ ಅಪರಾಧ ಎರಡಾಯಿತು. ಆ ನಾಚಿಕೆಯನ್ನು ಮರೆಯಲು ಅವನಿಗೆ ತಿಳಿದಿರುವ ಸ್ಥಳವಾದರೂ ಯಾವುದು? ಮದ್ಯದಂಗಡಿಯೇ.

ಆಣೆಯನ್ನು ನಾವು ಹಳಿಯುತ್ತಿಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಮಹತ್ಕಾರ್ಯವನ್ನು ನಾಡೆಲ್ಲ ಬಲ್ಲದು. ನಮ್ಮ ಪ್ರಶ್ನೆ ಬೇರೆ. ಚಟವನ್ನು ಜೋಳಿಗೆಗೆ ಹಾಕಿ ಬಂದವನು ಮರುದಿನ ಸಂಜೆ ಏಳು ಗಂಟೆಗೆ, ಹಳೆಯ ಗೆಳೆಯರು ಕೈಮಾಡಿ ಕರೆಯುವ ಹೊತ್ತಿಗೆ, ಎಲ್ಲಿ ಕುಳಿತುಕೊಳ್ಳಬೇಕು? ಯಾರೊಡನೆ ಮಾತನಾಡಬೇಕು?

ಅದಕ್ಕೂ ಮೊದಲು ವೈದ್ಯರ ಮಾತೊಂದಿದೆ. ಬಹುಕಾಲ ದಿನವೂ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ, ಮೊದಲ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಚಿತ್ತಭ್ರಮೆಗಳುಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿಹಾಕುವವರು ಇದನ್ನು ಅರಿತಿರಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೋ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನೋ ಕಾಣುವುದು ಅವಮಾನವಲ್ಲ. “ಕುಡಿಯುವವರಿಗೆ ತಿಳಿಯದಂತೆ ಬಿಡಿಸುತ್ತೇವೆ” ಎಂಬ ಜಾಹೀರಾತುಗಳನ್ನು ನಂಬಿ ಸಾರಿನಲ್ಲಿ ಗುಳಿಗೆ ಬೆರೆಸುವುದು ಮಾತ್ರ ಅಪಾಯಕರವಾದ ಅವಿವೇಕ.

ದೇಹ ಚೇತರಿಸಿಕೊಂಡ ಮೇಲೆ ಸಂಜೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದಕ್ಕೊಂದು ಉತ್ತರ 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ದೊರೆಯಿತು. ಕೆಲವೇ ತಿಂಗಳ ಹಿಂದೆ ಕುಡಿತ ಬಿಟ್ಟಿದ್ದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥ, ವ್ಯಾಪಾರ ಕೈಕೊಟ್ಟು ಪರಸ್ಥಳದಲ್ಲಿ ಒಂಟಿಯಾಗಿದ್ದಾಗ, ಪುನಃ ಕುಡಿದೇನೆಂದು ಅಂಜಿದ. ಆಗ ಅವನು ಹುಡುಕಿದ್ದು ಉಪದೇಶಕನನ್ನಲ್ಲ. ತನ್ನಂತೆಯೇ ಕುಡಿತದಿಂದ ಬಳಲುವ ಇನ್ನೊಬ್ಬನನ್ನು! ದೊರೆತವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಆ ಇಬ್ಬರ ಮಾತುಕತೆಯಿಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಹುಟ್ಟಿತು. 1957ರಲ್ಲಿ ಅದು ಭಾರತಕ್ಕೂ ಬಂದಿತು.

ಅಲ್ಲಿ ನಡೆಯುವುದಾದರೂ ಏನು? ಒಂದು ಕೋಣೆ, ಕೆಲವು ಕುರ್ಚಿಗಳು. ಒಬ್ಬೊಬ್ಬರೂ ಮೊದಲ ಹೆಸರನ್ನಷ್ಟೇ ಹೇಳಿ ತಮ್ಮ ಅನುಭವವನ್ನು ನುಡಿಯುತ್ತಾರೆ, ಉಳಿದವರು ಕೇಳುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. (ನಮ್ಮಂತಹ ಪ್ರವಚನಕಾರರಿಗೆ ಇದು ಕಠಿಣ ವ್ರತವೇ ಸರಿ.) ಶುಲ್ಕವಿಲ್ಲ, ಜಾತಿ ಕೇಳುವುದಿಲ್ಲ. ಮೊದಲ ದಿನ ಮೌನವಾಗಿ ಕುಳಿತು ಬಂದರೂ ಆದೀತು. ಹೊಸಬನಿಗೆ ಹಳಬನೊಬ್ಬ ಜೊತೆಗಾರನಾಗಿ ನಿಂತು, ಅಪರಾತ್ರಿಯಲ್ಲಿಯೂ ದೂರವಾಣಿಗೆ ಓಗೊಡುತ್ತಾನೆ. ಜನ್ಮವಿಡೀ ಕುಡಿಯೆನೆಂಬ ಆಣೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಇಂದು ಒಂದು ದಿನ ಬೇಡ, ನಾಳೆಯದು ನಾಳೆಗೆ.

“ಅದು ಕ್ರೈಸ್ತರದು, ಚರ್ಚಿನ ಕೋಣೆಯಲ್ಲಿ ನಡೆಯುತ್ತದೆ, ನಮ್ಮವರು ಹೋಗಬಾರದು” ಎನ್ನುವ ಮಹನೀಯರಿದ್ದಾರೆ. ಅದರ ಬೇರು ಕ್ರೈಸ್ತ ಪರಿಸರದಲ್ಲಿರುವುದು ನಿಜ. ಆದರೆ ದೇವರನ್ನು ಅವರವರು ಅರಿತಂತೆ ಭಾವಿಸಲು ಅದರ ಹನ್ನೆರಡು ಮೆಟ್ಟಿಲುಗಳೇ ಎಡೆಗೊಟ್ಟಿವೆ. ಕೊರಳಲ್ಲಿ ಲಿಂಗವಿರುವವನು ಲಿಂಗವನ್ನೇ ನೆನೆಯಲಿ, ತಡೆಯುವವರಾರು? ಮದ್ಯದಂಗಡಿಗೆ ಹೋಗುವಾಗ ಅದರ ಮಾಲೀಕನ ಮತವನ್ನು ವಿಚಾರಿಸಿದವರು ಯಾರೂ ಇಲ್ಲವಷ್ಟೆ!

“ಯಾರಾದರೂ ನೋಡಿದರೆ ಮರ್ಯಾದೆಯೇನು?” ಎಂಬುದು ಇನ್ನೊಂದು ಆಕ್ಷೇಪ. ಚರಂಡಿಯ ಬದಿಯಲ್ಲಿ ಬಿದ್ದಿದ್ದಾಗ ಓಣಿಯೆಲ್ಲ ನೋಡಿಯಾಗಿದೆ. ನೆಟ್ಟಗೆ ನಡೆದು ಸಭೆಗೆ ಹೋಗುವಾಗಲೇ ಮರ್ಯಾದೆಯ ಚಿಂತೆಯೇ?

ಇದು ಪವಾಡವೆಂದು ನಾವು ಹೇಳುವುದಿಲ್ಲ. 27 ಅಧ್ಯಯನಗಳನ್ನೂ ಹತ್ತು ಸಾವಿರಕ್ಕೂ ಮಿಕ್ಕಿದ ಜನರನ್ನೂ ಒಳಗೊಂಡ ಕಾಕ್ರೇನ್ ಸಮೀಕ್ಷೆ 2020ರಲ್ಲಿ ಪ್ರಕಟವಾಯಿತು. ಈ ಸಂಘದ ಹಾದಿಗೆ ಹಚ್ಚುವ ಚಿಕಿತ್ಸೆ ಪಡೆದವರಲ್ಲಿ ವರ್ಷದ ಬಳಿಕ ಸಂಪೂರ್ಣ ಮದ್ಯಮುಕ್ತರಾಗಿದ್ದವರು ಸುಮಾರು ಶೇ. 42, ಇತರ ಚಿಕಿತ್ಸೆಗಳಲ್ಲಿ ಶೇ. 35. ಅರ್ಧಕ್ಕಿಂತ ಹೆಚ್ಚು ಮಂದಿ ಎಡವುತ್ತಾರೆ. ಎಡವಿದವನನ್ನು ಆ ಕೋಣೆ ಹೊರಗಟ್ಟುವುದಿಲ್ಲ, ಮರುವಾರವೂ ಕುರ್ಚಿ ಕೊಡುತ್ತದೆ. ಆಣೆಗೆ ಈ ಸೌಲಭ್ಯವಿಲ್ಲ. ಧರ್ಮಸ್ಥಳದ ಯೋಜನೆಯವರು ಮದ್ಯವರ್ಜನ ಶಿಬಿರ ಮುಗಿದೊಡನೆ ಕೈಬಿಡದೆ, ಶಿಬಿರಾರ್ಥಿಗಳನ್ನು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಕೂಡಿಸುವುದರ ಮರ್ಮವೂ ಇದೇ.

ಸಮೀಪದ ಸಭೆ ಎಲ್ಲಿದೆಯೆಂದು ಚಿಕಿತ್ಸೆ ನೀಡಿದ ವೈದ್ಯರನ್ನು ಕೇಳಿರಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ-ಮಾನಸ್ 14416. ದೂರದ ಹಳ್ಳಿಯವರಿಗೆ ಅಂತರಜಾಲದ ಸಭೆಗಳೂ ಇವೆ. ಒಂದು ಕಡೆ ಮನಸ್ಸು ಹೊಂದದಿದ್ದರೆ ಇನ್ನೊಂದು ಕಡೆಗೆ ಹೋಗಿರಿ. ಆತ ಬರಲೊಲ್ಲನಾದರೆ ಅವನ ಹೆಂಡತಿಯಾದರೂ ಹೋಗಲಿ. ಕುಟುಂಬದವರಿಗಾಗಿಯೇ 1951ರಿಂದ ‘ಅಲ್-ಅನಾನ್’ ಎಂಬ ಪ್ರತ್ಯೇಕ ಕೂಟವಿದೆ.

ಇನ್ನು, ಮಠದಲ್ಲಿ ಓದಿ ಇಂದು ಶಾಲೆ, ಸಮುದಾಯಭವನಗಳ ಆಡಳಿತ ನಡೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ವಾರಕ್ಕೊಂದು ಸಂಜೆ ಒಂದು ಕೋಣೆಯನ್ನು ಇವರಿಗೆ ಬಿಟ್ಟುಕೊಡಿರಿ. ಅವರು ಬಾಡಿಗೆ ಕೊಡಬಂದರೆ ಬೇಡವೆನ್ನಬೇಡಿರಿ. ಹೊರಗಿನವರಿಂದ ದಾನ ಪಡೆಯದಿರುವುದು ಅವರ ನಿಯಮ. ಬಾಗಿಲಲ್ಲಿ ಹೆಸರು ಬರೆದುಕೊಳ್ಳಲು ಗುಮಾಸ್ತನನ್ನು ಮಾತ್ರ ಕೂರಿಸಬೇಡಿರಿ.